ಅಂಗಡಿ ಮಾವನ ಬೈಯುವ ಗುಂಡಿ

ಮೊನ್ನೆ ಹರಿಹರಕ್ಕೆ ಹೋದಾಗ ಪಕ್ಕದ ಮನೆಯ ಅತ್ತೆ ಒಂದು ಹಳೆಯ ಸೋಪಿನ ಡಬ್ಬಿ ತಂದು ನನ್ನ ಕೈಗಿಟ್ಟರು. ಮುಚ್ಚಳದ ಮೇಲೊಂದು ಕೆಂಪು ಗುಂಡಿ, ಅದರ ಮೇಲೆ ಬಿಗಿದು ಕಟ್ಟಿದ ಪ್ಲಾಸ್ಟಿಕ್ ತುಂಡು. ಮೂಗಿನ ಹತ್ತಿರ ತಂದರೆ ವಿಭೂತಿಯ ವಾಸನೆ... ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು. ಆ ಗುಂಡಿ ನನ್ನನ್ನು ಅಷ್ಟು ಸತಾಯಿಸಿತ್ತು.

ತೊಂಬತ್ತರ ದಶಕದ ಕೊನೆ. ನಾನು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಇಂಜಿನಿಯರಿಂಗ್ ಓದುತ್ತಿದ್ದೆ. ಪಕ್ಕದ ಕಿರಾಣಿ ಅಂಗಡಿಯವರನ್ನು ಮಾವ ಎನ್ನುತ್ತಿದ್ದೆ, ನೆಂಟರೇನಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಗಲ್ಲಾಪೆಟ್ಟಿಗೆಯ ಮುಂದಿನ ಮಾವ, ಒಲೆಯ ಮುಂದಿನ ಅತ್ತೆ, ಇಬ್ಬರೂ ದಿನವಿಡೀ ಬೈದಾಡಿಕೊಂಡೇ ಸುಖವಾಗಿದ್ದರು. ಆಮೇಲೆ ಮಾವನಿಗೆ ಗಂಟಲಿನ ಆಪರೇಷನ್ ಆಗಿ ಧ್ವನಿಯೇ ಹೋಯಿತು. ಅತ್ತೆಯನ್ನು ಕರೆಯಲು ಎಣ್ಣೆ ಡಬ್ಬ ಬಡಿಯುತ್ತಿದ್ದರು; ಅದು ಒಳಗೆ ಕೇಳುತ್ತಿರಲಿಲ್ಲ. ಬರಬರುತ್ತಾ ಬಡಿಯುವುದನ್ನೂ ಬಿಟ್ಟು ಸುಮ್ಮನೆ ಕೂತಿರತೊಡಗಿದರು. ನನಗೆ ನೋಡಲಾಗಲಿಲ್ಲ.

ಕಾಲೇಜಿಗೆ ಮಾಡಿದ್ದ ಪ್ರಾಜೆಕ್ಟಿನ ಬೋರ್ಡು ಮನೆಯಲ್ಲಿ ಬಿದ್ದಿತ್ತು, ನೀರಿನ ಟ್ಯಾಂಕು ತುಂಬಿದರೆ ಕೂಗುವಂಥದ್ದು. ಅದರ ಮೈಕ್ರೋಕಂಟ್ರೋಲರಿನಲ್ಲಿ, ಅಂದರೆ ಬೋರ್ಡನ್ನು ಆಡಿಸುವ ಚಿಪ್ಪಿನಲ್ಲಿ, ಅಕ್ಕಪಕ್ಕದ ಎರಡು ಪಿನ್ ಖಾಲಿ ಇದ್ದವು. ಒಂದರ ವೋಲ್ಟೇಜನ್ನು ಪ್ರೋಗ್ರಾಮಿನಲ್ಲೇ ಸೊನ್ನೆಗೆ ಇಳಿಸಿದೆ, ಇನ್ನೊಂದರದ್ದನ್ನು ಮೇಲೆ ಹಿಡಿದೆ, ಎರಡರ ನಡುವೆ ಗುಂಡಿ ಬೆಸೆದು ಸೋಪಿನ ಡಬ್ಬಿಗೆ ಹಾಕಿದೆ. ಒತ್ತಿದರೆ ಎರಡೂ ಕೂಡಿ, ಮೇಲಿದ್ದದ್ದು ಕೆಳಗಿಳಿದು, ತಂತಿ ಎಳೆದು ಅಡುಗೆಮನೆಯಲ್ಲಿಟ್ಟ ಬಜರ್ ಕೂಗಬೇಕು. ಒಮ್ಮೆ ಒತ್ತಿದರೆ ‘ಬಾ’, ಎರಡು ಸಲಕ್ಕೆ ‘ಚಹಾ’.

“ಒಂದು ಗುಂಡಿಗೆ ಇಷ್ಟೆಲ್ಲ ಬೇಕೇನವ್ವ? ಕಾಲಿಂಗ್ ಬೆಲ್ ಹಾಕಿದ್ರೆ ಆಗ್ತಿರ್ಲಿಲ್ಲೇನು?” ಎಂದು ಅಪ್ಪ ಗೇಲಿ ಮಾಡಿದರು. ಮಾವ ಮಾತ್ರ ಹುಬ್ಬು ಗಂಟಿಕ್ಕಿ, ಅಡುಗೆಮನೆಯತ್ತ ಬೆರಳು ಆಡಿಸಿ ತೋರಿಸಿದರು. ಬೈಯುವುದಕ್ಕೂ ಒಂದು ಕೂಗು ಬೇಕಂತೆ! ಒತ್ತಿ ಹಿಡಿದರೆ ಕರ್ರೋ ಎನ್ನುವ ಸದ್ದನ್ನೂ ಸೇರಿಸಿದೆ.

ಸಂಜೆ ಅಂಗಡಿಯಲ್ಲಿ ಕೂರಿಸಿದಾಗ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಅತ್ತೆ ಲಟ್ಟಣಿಗೆ ಹಿಡಿದೇ ನಮ್ಮ ಬಾಗಿಲಿಗೆ ಬಂದರು.

“ಮುಂಜಾನಿಂದ ಒಂದೇ ಸಮ ಬೈತಾ ಅದಾರೆ ನೋಡವ್ವ ನಿಮ್ಮ ಮಾವ! ನಾನೇನ್ ತಪ್ಪು ಮಾಡೀನಿ?”

ಮಾವ ಎರಡೂ ಕೈ ಮೇಲೆತ್ತಿ ತೋರಿಸಿದರು, ಗುಂಡಿ ಮುಟ್ಟಿಯೇ ಇಲ್ಲ ಎಂದು. ಬೋರ್ಡನ್ನು ಕಾಲೇಜಿಗೆ ಒಯ್ದೆ. ಅಲ್ಲಿ ಏನೂ ದೋಷವಿಲ್ಲ! ದಾವಣಗೆರೆಯ ಕೆ.ಬಿ. ಬಡಾವಣೆಯ ಅಂಗಡಿಯಿಂದ ಹೊಸ ಗುಂಡಿ ತಂದು ಹಾಕಿದೆ, ಮತ್ತೆ ಬೆಸೆದೆ, ಪ್ರೋಗ್ರಾಮ್ ತಿದ್ದಿದೆ. ಬೆಳಿಗ್ಗೆ ಕರ್ರೋ, ಮಧ್ಯಾಹ್ನದ ಹೊತ್ತಿಗೆ ತಾನೇ ಸರಿ. ತಲೆ ಚಚ್ಚಿಕೊಳ್ಳುವಂತಾಯಿತು. ಮಾವ ಡಬ್ಬಿಯನ್ನು ವಾಪಸು ತಳ್ಳಿ, ಬೇಡ ಎಂದು ಕೈಯಾಡಿಸಿ ಮತ್ತೆ ಸುಮ್ಮನೆ ಕೂತರು. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಡಬ್ಬಿಯನ್ನು ಹಠದಿಂದ ಮತ್ತೆ ಅಲ್ಲೇ ಕೂರಿಸಿ, ಒಂದು ದಿನ ಕಾಲೇಜಿಗೆ ಚಕ್ಕರ್ ಹಾಕಿ, ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಂತೆ. ಮಾವ ಪೂಜೆ ಮುಗಿಸಿ ವಿಭೂತಿಯ ಬಟ್ಟಲು ಹಿಡಿದು ಬಂದರು. ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತಕ್ಕಡಿಗೆ ಎಳೆದರು, ಗಲ್ಲಾಪೆಟ್ಟಿಗೆಗೆ ಎಳೆದರು, ಆಮೇಲೆ ಗುಂಡಿಗೆ, ಧಾರಾಳವಾಗಿ. ನೀರು ಗುಂಡಿಯ ಸಂದಿಯಲ್ಲಿಳಿಯಿತು. ಒಳಗಿನ ಎರಡು ಪಿನ್ ಒದ್ದೆಯಲ್ಲೇ ಕೂಡಿಕೊಂಡವು. ಅಡುಗೆಮನೆಯಿಂದ ಕರ್ರೋ! ಮಧ್ಯಾಹ್ನಕ್ಕೆ ಒಣಗಿ ತಾನೇ ಸರಿಯಾಗುತ್ತಿದ್ದದ್ದು ಇದಕ್ಕೇ.

“ಮಾವ, ಡಬ್ಬಿಗೆ ಹಚ್ಚ್ರಿ. ಗುಂಡಿಗೆ ಮಾತ್ರ ಬ್ಯಾಡ್ರಿ!” ಎಂದು ಕೂಗಿದೆ.

ಮಾವ ನನ್ನನ್ನೇ ನೋಡಿದರು. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ತಮ್ಮ ಗಂಟಲಿನ ಹೊಲಿಗೆಯ ಗುರುತಿನ ಮೇಲೆ ಎಳೆದುಕೊಂಡರು. ಮತ್ತೆ ಗುಂಡಿ ತೋರಿಸಿದರು. ನಾನು ಹಾಲಿನ ಪ್ಯಾಕೆಟ್ ಕತ್ತರಿಸಿ, ನೀರಿಳಿಯದಂತೆ ಗುಂಡಿಯ ಮೇಲೆ ಬಿಗಿದು ಕಟ್ಟಿದೆ. ಅವರು ದಿನಾ ಅದರ ಮೇಲೇ ಹಚ್ಚಿದರು, ಗಟ್ಟಿಯಾದದ್ದನ್ನು ನಾನು ಆಗಾಗ ಉಗುರಿನಿಂದ ಕೆರೆದು ತೆಗೆಯುತ್ತಿದ್ದೆ. ಮನೆಯಲ್ಲಿ ಮತ್ತೆ ಜಗಳ ಶುರುವಾಯಿತು. ಒಳಗಿನಿಂದ ಬಾಯಿ, ಹೊರಗಿನಿಂದ ಕರ್ರೋ.

ಕಳೆದ ವರ್ಷ ಮಾವ ತೀರಿಕೊಂಡರು. ಮೊನ್ನೆ, ಡಬ್ಬಿಯೊಳಗಿನ ಸೆಲ್ ಹಾಳಾಗಿರಬೇಕೆಂದುಕೊಂಡು, “ಅತ್ತೆ, ಹೊಸಾವು ಹಾಕಿದ್ರೆ ಇನ್ನೂ ಕೂಗತೈತೆ, ಇಟ್ಕೊಳ್ರಿ” ಎಂದೆ.

“ಹಾಕಿ ನೋಡೀನವ್ವ. ನಾನೇ ಒತ್ತಿದೆ, ಕೂಗ್ತು” ಎಂದರು ಅತ್ತೆ. “ಆಮೇಲೆ ಒಳಗ್ಹೋಗಿ ಒಲಿ ಮುಂದೆ ನಿಂತ್ಕೊಂಡೆ... ಬಾಳ ಹೊತ್ತು ನಿಂತಿದ್ದೆ.”

ಹಳೆಯ ಅಭ್ಯಾಸದಂತೆ ನಾನು ಉಗುರಿನಿಂದ ಗುಂಡಿಯ ಮೇಲಿನ ಪ್ಲಾಸ್ಟಿಕ್ಕಿನ ಮಡಿಕೆಯ ವಿಭೂತಿ ಕೆರೆಯುತ್ತಿದ್ದೆ. ಕೈ ನಿಂತಿತು.