ಆಟದ ಪಾರ್ಕಿಗೆ ಬಂದ ಬೆಟ್ಟದ ಗೈಡು

ಅವರ ಎರಡೂ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ಸರಿದು ನಿಂತಿರುತ್ತಿದ್ದವು. ಹಿಮ್ಮಡಿಯಂತೂ ಬೇಸಿಗೆಯ ಕೆರೆಯಂಗಳ, ಎಲ್ಲೆಲ್ಲೂ ಬಿರುಕು. ಆ ಪಾದಗಳಿಗೆಂದು ನೀಲಿ ಪಟ್ಟಿಯ ಒಂದು ಜೊತೆ ಹವಾಯಿ ಚಪ್ಪಲಿ ಇತ್ತು. ಆದರೆ ಅದು ಹೆಚ್ಚಾಗಿ ಇರುತ್ತಿದ್ದುದು ಕಂಕುಳಲ್ಲಿ. ಬಸ್ಸಿನಲ್ಲಿ ಕೂತಾಗ, ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಮೆಟ್ಟಿಕೊಳ್ಳುವರು. ನಡೆಯಬೇಕು ಎಂದ ಕೂಡಲೇ ಬಿಚ್ಚಿ ಕಂಕುಳಿಗೆ ಸೇರಿಸುವರು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, “ಚಪ್ಲಿ ಹಾಕ್ಕಂಡ್ರೆ ನೆಲ ಏನ್ ಹೇಳ್ತದೆ ಅಂತ ಕೇಳಾಕಿಲ್ಲ ಕಣವ್ವ” ಅಂದಿದ್ದರು.

ಊರು ಭೀಮನಬೀಡು. ಸ್ವಂತದ್ದು ಒಂದಿಷ್ಟು ಹೊಲ. ಕೆಲಸ ಇಲ್ಲದ ದಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಬಂದು ನಿಲ್ಲುವರು. ಆಗಲೇ ಜೀಪು, ಕಾರುಗಳೆಲ್ಲ ಮೇಲಿನವರೆಗೆ ಹೋಗುತ್ತಿದ್ದವು. ಆದರೂ ಹರಕೆ ಹೊತ್ತು ನಡೆದೇ ಹತ್ತುತ್ತೇವೆ ಎನ್ನುವವರು ಇದ್ದರು. ಅವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರು. ಅಂಥವರನ್ನು ಕರೆದುಕೊಂಡು ಹೋಗಿ ಬರುವ ಗೈಡು ಇವರು. ಗುಂಡ್ಲುಪೇಟೆಯ ನನ್ನ ತವರಿನಲ್ಲಿ ಎಲ್ಲರೂ ಅವರನ್ನು ‘ಬೆಟ್ಟದಯ್ಯ’ ಅನ್ನುತ್ತಿದ್ದರು. ಮಂಡಿ ಊದಿಕೊಂಡಿದ್ದ ನನ್ನ ತಾಯಿಯನ್ನು ಅವರು ಮೇಲೆ ಹತ್ತಿಸಿ ಇಳಿಸಿದ್ದರು. “ಸುಸ್ತಾಯ್ತಾ ಅಂತ ಒಂದು ಸಲಾನೂ ಕೇಳಲಿಲ್ಲ ಕಣೇ. ನಾನು ಚೆನ್ನಾಗಿ ನಡೀತಿರುವಾಗಲೇ ಕೂರಿಸಿಬಿಡೋರು” ಎಂದು ಅಮ್ಮ ಬೆರಗಿನಿಂದ ಹೇಳುತ್ತಿದ್ದರು. ಅದಕ್ಕೆ ಬೆಟ್ಟದಯ್ಯನ ವಿವರಣೆ ಸರಳ: “ಸುಸ್ತಾದ್ಮೇಲೆ ಕೂತ್ರೆ ಏಳಕಾಗಕಿಲ್ಲ. ಆಗಕ್ ಮುಂಚೆ ಕೂತ್ಕಬೇಕು.”

ಮದುವೆಯಾಗಿ ನಾನು ಚಾಮರಾಜನಗರಕ್ಕೆ ಬಂದೆ. ಮಗಳಿಗೆ ಎರಡು ತುಂಬುವ ಮೊದಲೇ ಪೋಲಿಯೋ ಬಂದು ಎಡಗಾಲು ಸೊರಗಿತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಸಲಾಕೆ, ಮೂರು ಕಡೆ ಚರ್ಮದ ಪಟ್ಟಿ ಇರುವ ಕ್ಯಾಲಿಪರ್ ಹಾಕಿಕೊಂಡು ಅವಳು ನಡೆಯುತ್ತಿದ್ದಳು. ಮೆಲ್ಲಗೆ ನಡೆದರೂ ಅದು ಅವಳದೇ ನಡಿಗೆ. ಅವಸರ ನಮ್ಮದು. ಜಾತ್ರೆ, ಮದುವೆ, ರೈಲ್ವೆ ಸ್ಟೇಷನ್, ಎಲ್ಲಿ ಹೋದರೂ ನನ್ನ ಗಂಡ ಹತ್ತು ಹೆಜ್ಜೆ ನೋಡುವರು, ಹನ್ನೊಂದನೆಯದಕ್ಕೆ ಎತ್ತಿಕೊಂಡು ಬಿಡುವರು. ಹನ್ನೊಂದು ವರ್ಷದ ಹುಡುಗಿ, ಲಂಗದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಅಪ್ಪನ ತೋಳಿನಲ್ಲಿ ಕಣ್ಣು ಮುಚ್ಚಿಕೊಳ್ಳುವಳು. ನಿದ್ದೆ ಬಂದಿದೆ ಅಂದುಕೊಳ್ಳುತ್ತಿದ್ದೆ ನಾನು, ಎಂಥ ತಾಯಿ ನೋಡಿ.

ಅವಳ ಕಾನ್ವೆಂಟ್ ಸ್ಕೂಲಿನಿಂದ ಮೈಸೂರಿನಾಚೆಯ ಒಂದು ಆಟದ ಪಾರ್ಕಿಗೆ ಪ್ರವಾಸ ಹೊರಟಿತು. ಸಿಸ್ಟರ್ ನನ್ನನ್ನು ಕರೆಸಿ, “ಅಷ್ಟು ದೊಡ್ಡ ಜಾಗ. ಯಾರಾದರೂ ಅವಳನ್ನು ಎತ್ತಿಕೊಂಡೇ ತಿರುಗಬೇಕಾಗುತ್ತೆ. ಬೇಡಮ್ಮ, ಬೇಜಾರು ಮಾಡ್ಕೋಬೇಡಿ” ಅಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ನಾನೂ ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರ್ ಹೇಳಿದ್ದಕ್ಕೆ ತಲೆಯಾಡಿಸಿ ಬಂದೆ. ಪ್ರವಾಸ ಮುಗಿದ ಮೇಲೆ ಒಂದು ವಾರ ಕ್ಲಾಸಿನಲ್ಲಿ ಅದೇ ಮಾತು. ದೋಣಿ ಎತ್ತರದಿಂದ ನೀರಿಗೆ ಜಾರಿದ್ದು, ಎಲ್ಲರೂ ಒದ್ದೆಯಾದದ್ದು. ಮಗಳು ಮನೆಗೆ ಬಂದು ಸುಮ್ಮನೆ ಹೋಂವರ್ಕ್ ಮಾಡುವಳು. ಮುಂದಿನ ಭಾನುವಾರ ನಾವೇ ಹೋಗೋಣ ಎಂದು ಗಂಡ ಹೇಳಿದಾಗ ಅವಳು ಪುಸ್ತಕದಿಂದ ತಲೆಯೆತ್ತದೆ, “ಎತ್ಕೊಳ್ಳೋದಾದ್ರೆ ನಾನು ಬರಲ್ಲ” ಅಂದಳು.

“ಒಂದೇ ಒಂದು ಸಲ?”

“ಒಂದು ಸಲಾನೂ ಬೇಡ ಅಪ್ಪ.”

ಫೋನಿನಲ್ಲಿ ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಯೋಚಿಸಲೇ ಇಲ್ಲ. “ಬೆಟ್ಟದಯ್ಯನ್ನ ಕರ್ಕೊಂಡು ಹೋಗು” ಅಂದುಬಿಟ್ಟರು. ನನ್ನ ಗಂಡ ನಕ್ಕದ್ದು ಇನ್ನೂ ಕಿವಿಯಲ್ಲಿದೆ. “ಆಟದ ಪಾರ್ಕಿಗೆ ಕಾಡಿನ ಗೈಡಾ? ಅಲ್ಲೇನು ಆನೆ ಬರುತ್ತಾ?” ಆದರೂ ಒಂದು ದಿನದ ಮಟ್ಟಿಗೆ ಗೊತ್ತು ಮಾಡಿದೆವು.

ಅವರು ಮನೆಗೆ ಬಂದವರು ನಮ್ಮಿಬ್ಬರನ್ನು ಏನೂ ಕೇಳಲಿಲ್ಲ. ಮಗಳ ಎದುರಿಗೆ ನೆಲದ ಮೇಲೆ ಕುಳಿತು, “ಸ್ಕೂಲ್‍ಗೆ ಎಷ್ಟ್ ದೂರ ನಡೀತೀಯಮ್ಮಿ? ಎಲ್ಲಿಗ್ ಬಂದಾಗ ನೋವು ಸುರುವಾಯ್ತದೆ?” ಎಂದು ಕೇಳಿದರು. ಗಣೇಶನ ಗುಡಿ ದಾಟಿದ ಮೇಲೆ ಎಂದು ಅವಳು ಹೇಳಿದಳು. ಮೂರು ವರ್ಷದಿಂದ ದಿನಾ ಅವಳ ಜೊತೆ ನಡೆಯುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಬೆಟ್ಟದಯ್ಯ ಎದ್ದು ಹೋಗಿ ಗಣೇಶನ ಗುಡಿಯವರೆಗೆ ನಡೆದು, ಹೆಜ್ಜೆ ಎಣಿಸಿಕೊಂಡು ಬಂದರು. ಆಮೇಲೆ ಒಂದು ಷರತ್ತು ಹಾಕಿದರು. “ನಾನ್ ಒಂದಿನ ಮುಂಚೆ ಓಗಿ ಜಾಗ ನೋಡ್ಕಬೇಕು ಸಾ. ನೋಡ್ದೇ ಇರೋ ದಾರೀಲಿ ನಾನ್ ಯಾರ್ನೂ ಕರ್ಕಂಡೋಗಕಿಲ್ಲ.”

ಹಾಗೆಯೇ ಮಾಡಿದರು. ಶನಿವಾರ ಇಡೀ ದಿನ ಆ ಪಾರ್ಕಿನಲ್ಲಿ, ಒಂದು ಆಟವನ್ನೂ ಆಡದೆ, ಬರಿಗಾಲಲ್ಲಿ ತಿರುಗಿದರಂತೆ. ಭಾನುವಾರ ಗೇಟಿನ ಬಳಿ ನಮ್ಮನ್ನು ಕಾಯುತ್ತಿದ್ದಾಗ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು. ಚಪ್ಪಲಿ ಯಥಾಪ್ರಕಾರ ಕಂಕುಳಲ್ಲಿ.

ಒಳಗೆ ಹೋದದ್ದೇ ಅವರು ಒಂದು ಕಲ್ಲುಬೆಂಚಿನ ಮೇಲೆ ನಮ್ಮನ್ನು ಕೂರಿಸಿಬಿಟ್ಟರು. ಜನ ನಮ್ಮನ್ನು ದಾಟಿಕೊಂಡು ಓಡುತ್ತಿದ್ದರು. ಕಾಲು ಗಂಟೆ ಆಯಿತು. ನನ್ನ ಗಂಡ ಗಡಿಯಾರ ನೋಡಿಕೊಂಡು, “ಏನಯ್ಯಾ, ಕೂರೋಕೆ ಬಂದ್ವಾ?” ಅಂದರು.

“ಒಸಿ ತಡೀರಿ ಸಾ. ಬೆಳಿಗ್ಗೆ ಬಂದೋರೆಲ್ಲ ಬಲಕ್ಕೇ ಓಯ್ತಾರೆ. ನಿನ್ನೇನೂ ಅಂಗೇ ಓದ್ರು. ನಾವು ಎಡಕ್ ಓಗನ. ಅವ್ರು ಎಡಕ್ ಬರೋವೊತ್ಗೆ ನಾವು ಬಲಕ್ಕಿರ್ತೀವಿ.”

ಅದು ನಿಜವಾಯಿತು. ಎಡಗಡೆಯ ತಿರುಗುವ ಬಟ್ಟಲುಗಳಿಗೆ, ಪುಟ್ಟ ರೈಲಿಗೆ ಸಾಲೇ ಇರಲಿಲ್ಲ. ಒಂದಾಟದಿಂದ ಇನ್ನೊಂದಾಟಕ್ಕೆ ಹೋಗುವಾಗ ಅವರು ನೇರ ದಾರಿ ಬಿಟ್ಟು ಸುತ್ತಿ ಹೋಗುವರು. ನೋಡಿದರೆ ಆ ಸುತ್ತಿನಲ್ಲಿ ಮೆಟ್ಟಿಲೇ ಇಲ್ಲ, ನೆರಳಿದೆ. ಗಣೇಶನ ಗುಡಿಯಷ್ಟು ದೂರ ಆಗುವುದಕ್ಕೆ ಸ್ವಲ್ಪ ಮುಂಚೆ ಸರಿಯಾಗಿ ಒಂದು ಬೆಂಚು. “ಇಲ್ಲಿ ಕೂತ್ಕಳನ, ನಂಗೆ ಎಲಡ್ಕೆ ಹಾಕಬೇಕು” ಎನ್ನುವರು. ನಾಲ್ಕು ಬೆಂಚಿನ ಮೇಲೆ ನಾಲ್ಕು ಸಲ ಎಲೆಯಡಿಕೆ. ಮಗಳಿಗೆ ಗುಟ್ಟು ಗೊತ್ತಾಗಿ, “ತಾತ, ನಿಮ್ಮ ಬಾಯಿ ಉರಿಯಲ್ವಾ?” ಎಂದು ಕಿಸಕ್ಕನೆ ನಕ್ಕಳು. ಊಟದ ಹೊತ್ತಿಗೆ ಅವಳು ಏಳು ಆಟ ಆಡಿದ್ದಳು. ಗಂಡನ ತೋಳುಗಳು ಎರಡು ಸಲ ತಾವಾಗಿ ಮುಂದೆ ಬಂದು ಹಿಂದೆ ಸರಿದದ್ದನ್ನು ನಾನು ಗಮನಿಸಿದೆ. ಮೊಸರನ್ನದ ಡಬ್ಬಿ ತೆರೆಯುವಾಗ ನನಗೇ ತಿಳಿಯದೆ ಗುನುಗುತ್ತಿದ್ದೆ.

ಉಳಿದದ್ದು ಆ ದೋಣಿ. ಅವಳು ಬಂದದ್ದೇ ಅದಕ್ಕಾಗಿ.

ಅದನ್ನು ಹತ್ತಲು ಎತ್ತರದ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ತುಂಬ ಜನ. ಬೆಟ್ಟದಯ್ಯ ನಮ್ಮನ್ನು ಹಿಂಭಾಗಕ್ಕೆ ಕರೆದುಕೊಂಡು ಹೋದರು. ರಿಪೇರಿಯಾದ ದೋಣಿಗಳನ್ನು ಮೇಲಕ್ಕೆ ತಳ್ಳಲು ಮಾಡಿದ ಸಿಮೆಂಟಿನ ಇಳಿಜಾರು ಅಲ್ಲಿತ್ತು. ದೋಣಿ ಬಿಡುವವನು ತಮ್ಮೂರ ಹತ್ತಿರದ ತೆರಕಣಾಂಬಿ ಕಡೆಯವನೆಂದು ಮಾತಿನಲ್ಲೇ ಗುರುತು ಹಿಡಿದು, ಆ ದಾರಿಯಲ್ಲಿ ಬಿಡುವಂತೆ ಹಿಂದಿನ ದಿನವೇ ಒಪ್ಪಿಸಿದ್ದರು. ಮಗಳು ಮೂರು ಕಡೆ ಕೂತು, ಕಂಬಿ ಹಿಡಿದು, ಬೆವರುತ್ತಾ ಮೇಲೆ ಬಂದಳು. ದೋಣಿ ಬಿಡುವವನು ಅವಳ ಕಾಲು ನೋಡಿದವನೇ ಗೋಡೆಯ ಬೋರ್ಡು ತೋರಿಸಿದ.

“ಯಜಮಾನ್ರೇ, ಕಬ್ಬಿಣದ್ದು ಏನೂ ಬೋಟೊಳಕ್ಕೆ ಬುಡಂಗಿಲ್ಲ. ಬರ್ದವ್ರಲ್ಲ, ಕಾಣ್ನಿಲ್ವಾ ನಿಮಗೆ?”

ಬೆಟ್ಟದಯ್ಯ ಬೋರ್ಡನ್ನು ನೋಡಿದರು, ನಮ್ಮನ್ನು ನೋಡಿದರು. ಇಡೀ ಪಾರ್ಕಿನ ನೆಲವನ್ನು ಓದಿ ಬಂದಿದ್ದ ಮನುಷ್ಯ. “ಓದಕ್ ಬರಕಿಲ್ಲ ನಂಗೆ. ತಪ್ಪು ನಂದೇ ಕಣಮ್ಮಿ” ಅಂದರು.

ಕ್ಯಾಲಿಪರ್ ಇಲ್ಲಿ ಬಿಚ್ಚಬಹುದು. ಆದರೆ ಕೆಳಗೆ, ನೀರಿನ ಆಚೆ ದೋಣಿ ನಿಂತಾಗ ಇಳಿಯುವುದು ಹೇಗೆ? “ನಾನು ಕೆಳಗೆ ಹೋಗಿ ನಿಂತಿರ್ತೀನಿ. ಒಂದೇ ನಿಮಿಷ ಪುಟ್ಟಾ, ಎತ್ತಿ ದಡಕ್ಕೆ ಬಿಡ್ತೀನಿ ಅಷ್ಟೇ” ಎಂದು ಗಂಡ ಮೆಲ್ಲಗೆ ಅಂದರು. ಮಗಳು ಕಂಬಿಯನ್ನು ಬಿಡಲಿಲ್ಲ. “ಬೇಡ ಅಪ್ಪ. ನೋಡಿದ್ದಾಯ್ತಲ್ಲ, ಸಾಕು. ಮನೆಗೆ ಹೋಗೋಣ.” ಸಿಸ್ಟರ್ ಎದುರು ನಾನು ತಲೆಯಾಡಿಸಿದ್ದೆನಲ್ಲ, ಅವಳ ಧ್ವನಿ ಅಷ್ಟೇ ಸಭ್ಯವಾಗಿತ್ತು. ನನಗೆ ತಡೆಯಲಾಗಲಿಲ್ಲ.

“ಬೆಟ್ಟದಯ್ಯ, ಏನಾದರೂ ಮಾಡಿ” ಅಂದೆ.

ಅವರು ಕೆಳಗಿನ ನೀರನ್ನು ಒಂದು ಸಲ ನೋಡಿ, ಚಪ್ಪಲಿಯನ್ನು ನನ್ನ ಗಂಡನ ಕೈಗೆ ಕೊಟ್ಟರು. “ಅವ್ವ, ನೀವು ಕೂಸಿನ್ ಜತೆ ಕೂತ್ಕಳಿ. ಕೂತ್ಮೇಲೆ ಇದ್ನ ಬಿಚ್ಚಿ ನನ್ ಕೈಗ್ ಕೊಡಿ” ಎಂದು ನನಗೆ ಹೇಳಿ, “ನಾನ್ ಕೆಳಗೋಗಿ ಕೈ ಎತ್ತೋಗಂಟ ಬೋಟ್ ಬುಡಬ್ಯಾಡ ಕಣ್ಲಾ” ಎಂದು ದೋಣಿಯವನಿಗೆ ಹೇಳಿದರು. ಕ್ಯಾಲಿಪರನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಇಳಿಜಾರಿನಲ್ಲಿ ಹೊರಟರು. ನನ್ನ ಗಂಡನೂ ಅವರ ಹಿಂದೆಯೇ ಇಳಿದರು.

ಮೆಟ್ಟಿಲ ಮೇಲಿನ ಸಾಲು ಗೊಣಗತೊಡಗಿತು. “ಯಾರ್ರೀ ಅದು, ಮಂತ್ರಿ ಮಗಳಾ? ಎಷ್ಟೊತ್ತು ಕಾಯೋದು?” ಎಂದು ಒಬ್ಬ ಕೂಗಿದ. ಇಳಿಜಾರಿನ ಅರ್ಧಕ್ಕೆ ಹೋಗಿದ್ದ ಬೆಟ್ಟದಯ್ಯ ತಿರುಗಿ ನಿಂತು, ಬೆಟ್ಟದಲ್ಲಿ ಕೂಗುವ ದನಿಯಲ್ಲಿ ಕೂಗಿದರು: “ಮಂತ್ರಿ ಮಗ್ಳಾಗಿದ್ರೆ ಎತ್ಕಂಡ್ ಬರೋರು ಕಣಪ್ಪಾ! ಇವ್ಳು ನಡ್ಕಂಡ್ ಬಂದವ್ಳೆ!”



ಮೇಲಿನಿಂದ ನೋಡುತ್ತಿದ್ದೆವು. ಅವರು ಪಂಚೆ ಎತ್ತಿ ಕಟ್ಟಿ, ಮಂಡಿಯುದ್ದ ನೀರಿಗಿಳಿದು, ಟವೆಲಿನ ಗಂಟನ್ನು ತಲೆಯ ಮೇಲೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಎತ್ತಿದರು. ದೋಣಿ ಜಾರಿತು. ನಾನು ದೇವರನ್ನೆಲ್ಲ ಕೂಗಿದೆ, ಮಗಳು ಬರೀ ಕೂಗಿದಳು. ನೀರು ಗೋಡೆಯ ಹಾಗೆ ಎದ್ದು ನಮ್ಮ ಮೇಲೆ ಬಿತ್ತು. ಕಣ್ಣು ಒರೆಸಿಕೊಂಡು ನೋಡುವಾಗ ದೋಣಿ ದಡಕ್ಕೆ ತಾಗಿತ್ತು, ಬೆಟ್ಟದಯ್ಯ ಅದನ್ನು ಸೊಂಟದಿಂದ ಒತ್ತಿ ಹಿಡಿದು ನಿಂತಿದ್ದರು. ಟವೆಲು ಬಿಚ್ಚಿ ಕ್ಯಾಲಿಪರ್ ಕೊಟ್ಟರು. ಒಂದು ಹನಿಯೂ ತಾಗಿರಲಿಲ್ಲ. ಮಗಳು ಮೂರು ಪಟ್ಟಿಗಳನ್ನೂ ತಾನೇ ಬಿಗಿದುಕೊಂಡಳು. ನಾನು ಸಹಾಯಕ್ಕೆ ಬಾಗಿದಾಗ ಬೆಟ್ಟದಯ್ಯ ಬೇಡ ಎಂಬಂತೆ ತಲೆಯಾಡಿಸಿದರು. ದೋಣಿಯ ಅಂಚು ಹಿಡಿದು ಎದ್ದಳು, ಬಲಗಾಲನ್ನು ದಡಕ್ಕಿಟ್ಟಳು, ಎಡಗಾಲನ್ನು ಎಳೆದುಕೊಂಡಳು, ನಿಂತಳು. ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಎದುರಿಗೆ ನನ್ನ ಗಂಡ, ಹವಾಯಿ ಚಪ್ಪಲಿಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಮಗುವಿನಂತೆ ಅಳುತ್ತಿದ್ದರು.

“ಅಪ್ಪ, ಇನ್ನೊಂದು ಸಲ!” ಅಂದಳು.

ಇನ್ನೊಂದು ಸಲವೂ ಆಯಿತು. ಬೆಟ್ಟದಯ್ಯ ಇನ್ನೊಂದು ಸಲ ನೀರಿಗಿಳಿದರು. ಸೋಮವಾರ ಸ್ಕೂಲಿನಿಂದ ಬಂದವಳು ಎರಡು ಗಂಟೆ ಬಾಯಿ ಮುಚ್ಚಲಿಲ್ಲ.

ಮಗಳು ಕಾಲೇಜಿಗೆ ಸೇರಿದ ವರ್ಷ ಬೆಟ್ಟದಯ್ಯ ತೀರಿಕೊಂಡರು. ಒಂದು ವಾರದ ಜ್ವರ ಅಷ್ಟೇ ಎಂದರು. ನಾನೂ ಮಗಳೂ ಭೀಮನಬೀಡಿಗೆ ಹೋದೆವು. ಜಗಲಿಯಲ್ಲಿ ಕೂತಿದ್ದ ಹೆಂಗಸರ ನಡುವಿನಿಂದ ಗುಂಡ್ಲುಪೇಟೆಯ ಬಳೆ ಮಾರುವ ಒಬ್ಬ ಅಜ್ಜಿ ಮಗಳ ಕಾಲನ್ನೇ ದಿಟ್ಟಿಸಿ, “ಆ ದೋಣಿ ಹುಡ್ಗಿ ನೀನೇನಮ್ಮಿ?” ಅಂದರು. ಬೆಟ್ಟದಯ್ಯನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಬೆಟ್ಟದಲ್ಲಿ ಆಗಕಿಲ್ಲ ಅಂತ ಕೂತ್ಕಂಡೋರ್ಗೆಲ್ಲ ನಿನ್ ಕತೆ ಹೇಳೋರು ಕಣವ್ವ. ‘ನನ್ ಕೂಸೊಂದದೆ’ ಅಂತ್ಲೇ ಸುರು ಮಾಡೋರು.”

“ನಂಗೂ ಅದ್ನೇ ಹೇಳಿ ಹತ್ತಿಸ್ಬುಟ್ಟ ಪುಣ್ಯಾತ್ಮ” ಎಂದರು ಬಳೆ ಅಜ್ಜಿ.

ಮಗಳು ತಡವರಿಸಿದಳು. “ಅಜ್ಜಿ, ನಾನು ಆ ಬೆಟ್ಟಾನೇ ಹತ್ತಿಲ್ಲ.”

“ಅಯ್ಯೋ ನಿನ್ನ! ನಿನ್ನ ನಂಬ್ಕಂಡು ನಾನ್ ಹತ್ಬುಟ್ನಲ್ಲಾ!” ಸಾವಿನ ಮನೆ ಎಂಬುದನ್ನೂ ಮರೆತು ಹೆಂಗಸರು ನಕ್ಕರು. ಬೆಟ್ಟದಯ್ಯನ ಹೆಂಡತಿಯೂ ನಕ್ಕರು. “ಬಾ, ದಾರಿ ನಾನ್ ತೋರಿಸ್ತೀನಿ” ಎಂದು ಅಜ್ಜಿ ಅಲ್ಲೇ ದಿನ ಗೊತ್ತು ಮಾಡಿದರು.

ಹನ್ನೊಂದು ವರ್ಷ ನಾವು ಎತ್ತಿಕೊಂಡು ಪ್ರೀತಿ ತೋರಿಸಿದ್ದೆವು. ಪ್ರೀತಿ ಇದ್ದೂ ಕೈಕಟ್ಟಿ ನಿಲ್ಲುವುದನ್ನು ನನಗೆ ಕಲಿಸಿದವರು ಬೆಟ್ಟದಯ್ಯ. ಅಜ್ಜಿ ಗೊತ್ತು ಮಾಡಿದ ದಿನ ನಾನು ತಪ್ಪಲಿನಲ್ಲೇ ಉಳಿದೆ. ಅಜ್ಜಿ, ಅವರ ಸೊಸೆ, ಬೆಟ್ಟದಯ್ಯನ ತಮ್ಮ, ನನ್ನ ಮಗಳು ಬೆಳಿಗ್ಗೆಯೇ ಹೊರಟರು. ಇಳಿದು ಬಂದಾಗ ಮಧ್ಯಾಹ್ನ ದಾಟಿತ್ತು. ಮಗಳ ಮುಖ ಕೆಂಪಾಗಿತ್ತು, ಕೂದಲಿನ ತುಂಬ ಸಣ್ಣ ಸಣ್ಣ ಹನಿ.

“ಮೇಲೆ ಏನು ಕಾಣಿಸ್ತು?” ಅಂದೆ.

“ಏನೂ ಇಲ್ಲಮ್ಮ! ಬರೀ ಮಂಜು. ಚಾಚಿದ ಕೈ ಕಾಣ್ತಿರಲಿಲ್ಲ” ಎಂದು ನಕ್ಕಳು. ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ, ಮೊದಲು ಅಜ್ಜಿಗೆ ಕೊಟ್ಟಳು.