ಹಿರೇಕೆರೂರಿಗೆ ಬನ್ನಿ ಒಯ್ದದ್ದು

ದಸರೆಯ ಬನ್ನಿ ಮುಡಿದ ಮೂರನೆಯ ದಿನ ಬೆಳಿಗ್ಗೆ ಸವಣೂರಿನಿಂದ ಬಂಡಿಯಲ್ಲಿ ಹೊರಟೆವು. ನಾನು, ನಮ್ಮವರು, ಗಾಡಿ ಹೊಡೆಯುವ ಹುಸೇನಸಾಬ. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಕೆಮ್ಮುತ್ತ ಓಡುತ್ತಿದ್ದವು. ಆದರೂ ನಮ್ಮವರಿಗೆ ಬಸ್ಸೇ ಬೇಕಿತ್ತು.

"ಲಗೂನ ಹೋಗಿ ಲಗೂನ ಹೊಳ್ಳಿದ್ರ ಅಂಗಡಿ ತಗೀಬಹುದು" ಎಂದರು.

"ಹಂಗ ಹೋಗಿ ಹಿಂಗ ಬರಾಕ ಅದೇನು ಮಾಮಲೇದಾರ ಕಚೇರಿ ಏನ್ರಿ? ನಿಮ್ಮಣ್ಣನ ಮನಿ!" ಎಂದು ನಾನು ಬುತ್ತಿಗಂಟನ್ನು ಬಂಡಿಯೊಳಗಿಟ್ಟೆ.

ಹಿರೇಕೆರೂರಿನ ಭಾವನವರು ನಮ್ಮವರನ್ನು ಸಾಕಿ ಬೆಳೆಸಿದವರು. ಅಣ್ಣತಮ್ಮರಲ್ಲಿ ಜಗಳವಿಲ್ಲ, ತಂಟೆಯಿಲ್ಲ, ಪುರುಸೊತ್ತಿಲ್ಲ, ಅಷ್ಟೆ. ಜವಳಿ ಅಂಗಡಿ ಬೆಳೆದಂತೆ ದಸರೆಯ ಬನ್ನಿ ಕೂಡ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೋಗತೊಡಗಿತು. ಈ ವರ್ಷ ಆ ಪೊಟ್ಟಣ ಹೋದಂತೆಯೇ ತಿರುಗಿ ಬಂತು. "ಇನ್ನ ಮುಂದ ಬನ್ನಿ ಕಳಸಬ್ಯಾಡ ಅಂತ ಹೇಳ್ಯಾರ್ರಿ" ಎಂದ ಕಂಡಕ್ಟರ. ಹುಣ್ಣಿಮೆ ದಾಟಿದರೆ ನಮ್ಮ ಮನೆತನದಲ್ಲಿ ಬನ್ನಿ ಕೊಡುವುದಿಲ್ಲ. ಅಷ್ಟರೊಳಗೆ ಇವರನ್ನು ಅಣ್ಣನ ಮುಂದೆ ನಿಲ್ಲಿಸದಿದ್ದರೆ ಆ ಮನೆ ನಮಗೆ ಕೈತಪ್ಪಿತು ಎಂದುಕೊಂಡೆ.

ಹೊರಡುವ ಮುಂಚೆ ಲಿಂಗದ ಮುಂದೆ ಇನ್ನೊಂದು ಪಣ ತೊಟ್ಟಿದ್ದೆ. ದಾರಿಯಲ್ಲಿ ಇಬ್ಬರೂ ಕೂಡಿ ಕುಳಿತು, ಅವಸರವಿಲ್ಲದೆ ಶಿವಪೂಜೆ ಮಾಡಬೇಕು; ಆಮೇಲೇ ತುತ್ತು. ಊರಲ್ಲಾದರೆ ಇವರ ಹಣೆಯ ವಿಭೂತಿ ಒಣಗುವುದರೊಳಗೆ ಅಂಗಡಿಯ ಕೀಲಿ ಕೈಗೆ ಬಂದಿರುತ್ತಿತ್ತು.

ಮಧ್ಯಾಹ್ನಕ್ಕೆ ಶಿಗ್ಗಾಂವಿ ಮುಟ್ಟಿ ಪರಿಚಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಇಬ್ಬರೂ ಕೂಡಿ ಪೂಜೆ ಮುಗಿಸಿದ ಮೇಲೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಉಂಡು ಕೈ ತೊಳೆಯುವಾಗ ಆತ, "ಸಾವಕಾರ್ರ, ಹುಬ್ಬಳ್ಳಿಗೆ ಮಾಲು ಬಂದೈತಿ. ನಾಳೆ ಕೂಡೇ ಹೋಗೂಣು ಬರ್ರಿ" ಎಂದ. ನಮ್ಮವರ ಮುಖ ಅರಳಿತು. ನನಗೆ ಮೈಯೆಲ್ಲ ಉರಿಯಿತು.

"ಹೋಗ್ರಿ. ನಾ ಒಬ್ಬಾಕೆನ ಹೋಗಿ ಭಾವನವರ ಮುಂದ ನಿಲ್ತೇನಿ. ತಮ್ಮ ಎಲ್ಲಿ ಅಂತ ಕೇಳಿದ್ರ, ಹುಬ್ಬಳ್ಳಿ ಪ್ಯಾಟ್ಯಾಗ ಅರಿವಿ ಅಳ್ಯಾಕತ್ತಾರ ಅಂತೇನಿ" ಎಂದೆ. ಆ ಸಂಜೆ ಅವರು ನನ್ನೊಡನೆ ಮಾತಾಡಲಿಲ್ಲ. ಆದರೆ ಮರುದಿನ ನಸುಕಿನಲ್ಲಿ ನನಗಿಂತ ಮೊದಲೇ ಬಂಡಿ ಹತ್ತಿ ಕುಳಿತಿದ್ದರು.

ಹಾನಗಲ್ಲಿನ ದಾರಿಯಲ್ಲಿ ಚಿತ್ತಿ ಮಳೆ ಹಿಡಿಯಿತು. ಭತ್ತದ ಗದ್ದೆಗಳ ನಡುವೆ ಗಾಲಿ ಕೆಸರಿನಲ್ಲಿ ಹೂತಿತು. ನಮ್ಮವರು ಧೋತರ ಎತ್ತಿ ಕಟ್ಟಿ ಹುಸೇನಸಾಬನ ಜೊತೆ ಹೆಗಲು ಕೊಟ್ಟರು. ಆಮೇಲೆ ಬಂಡಿ ಹತ್ತದೆ ಪಕ್ಕದಲ್ಲೇ ನಡೆಯುತ್ತ, ತಾವಾಗಿಯೇ ಮಾತು ತೆಗೆದರು. ಸಣ್ಣವರಿದ್ದಾಗ ಅಕ್ಕಿಆಲೂರಿನ ಸಂತೆಯಿಂದ ಬರುವಾಗ ಹೀಗೆಯೇ ಮಳೆ ಬಂದಿತ್ತಂತೆ. ಅಣ್ಣ ತನ್ನ ರುಮಾಲು ಬಿಚ್ಚಿ ಇವರ ತಲೆಗೆ ಸುತ್ತಿ, ತಾನು ತೋಯಿಸಿಕೊಂಡು ನಡೆದಿದ್ದನಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ನಾನು ಇದನ್ನು ಕೇಳಿರಲಿಲ್ಲ. ಹೇಳಲು ಅವರಿಗೆ ಹೊತ್ತಾದರೂ ಎಲ್ಲಿತ್ತು?

ಪಯಣದ ಮೂರನೆಯ ದಿನ ಬೆಳಿಗ್ಗೆ ಹಾನಗಲ್ಲಿನಲ್ಲಿ ನಾವು ಪೂಜೆಗೆ ಕುಳಿತಿದ್ದಾಗ ಹಿರೇಕೆರೂರಿನ ಬಸ್ಸು ಹೊಗೆ ಬಿಡುತ್ತ ಬಂದು ನಿಂತಿತು. ಇವರ ಕಣ್ಣು ಲಿಂಗದಿಂದ ಬಸ್ಸಿಗೆ, ಬಸ್ಸಿನಿಂದ ಲಿಂಗಕ್ಕೆ. ನಾನು ಕಣ್ಣು ಮುಚ್ಚಿಬಿಟ್ಟೆ. ಬಸ್ಸು ಹೋಯಿತು.

"ಬಿಡ್ರಿ ಸಾವಕಾರ್ರ," ಎಂದ ಹುಸೇನಸಾಬ. "ನೀವು ನಿಮ್ಮ ದೇವರ ಕೂಡ ಮಾತಾಡ್ರಿ. ಮಧ್ಯಾಹ್ನ ನಾ ನಮಾಜಿಗೆ ನಿಂತಾಗ ನಮ್ಮ ದೇವರ ಕೂಡ ಮಾತಾಡ್ತೇನಿ. ಎತ್ತಿಗೂ ಎರಡು ಸಲ ದಮ್ಮು ಸಿಗತೈತಿ." ನಮ್ಮವರು ನಕ್ಕುಬಿಟ್ಟರು. ಅಂದು ಅಕ್ಕಿಆಲೂರು ದಾಟಿ ಒಂದು ಹಳ್ಳಿಯ ಮಠದಲ್ಲಿ ಮಲಗಿದೆವು.

ಹುಣ್ಣಿಮೆಯ ಬೆಳಿಗ್ಗೆ ಹಿರೇಕೆರೂರು ಸೇರಿದೆವು. ಇಷ್ಟೆಲ್ಲ ಆದಮೇಲೂ ಇವರು ಅಣ್ಣನ ಮನೆಯ ಮುಂದೆ ಇಳಿಯುತ್ತಲೇ, "ಎತ್ತು ಬಿಚ್ಚಬ್ಯಾಡಪಾ, ಉಂಡ ಕೂಡ್ಲೇ ಹೊಳ್ಳೂಣು" ಎಂದುಬಿಟ್ಟರು. ಅಯ್ಯೋ ಶಿವನೇ! ಪಡಸಾಲೆಯಲ್ಲಿ ಕುಳಿತಿದ್ದ ಭಾವನವರಿಗೆ ಅದು ಕೇಳಿಸಿತು. ನಾನು ನಾಚಿಕೆಯಿಂದ ನೆಲ ನೋಡಿದೆ.

ನಮ್ಮವರು ಬಾಡದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬನ್ನಿ ತೆಗೆದು ನೀಡಿದರು. ಭಾವನವರು ಕೈ ಚಾಚಲಿಲ್ಲ.

"ಯಾಕಣ್ಣಾ, ನನ್ನ ಬನ್ನಿ ಬ್ಯಾಡಾತೇನು?"

"ಬನ್ನಿ ವರ್ಷಾ ಬರತಿತ್ತು, ತಮ್ಮಾ. ತಲಿ ಬರತಿರಲಿಲ್ಲ" ಎಂದರು ಭಾವನವರು. "ಬರೇ ತೊಪ್ಪಲಾ ತಗೊಂಡು ನಾ ಯಾರ ತಲಿ ಮ್ಯಾಲ ಕೈ ಇಡಲಿ?"

ಇವರು ತಲೆಯ ಟೊಪ್ಪಿಗೆ ತೆಗೆದು ಕೆಳಗಿಟ್ಟು, ಅಣ್ಣನ ಕಾಲಿಗೆ ಬಿದ್ದರು. ಭಾವನವರ ಕೈ ಆ ತಲೆಯ ಮೇಲೆ ಬಂತು. ಬಂದದ್ದು ಅಲ್ಲೇ ಇತ್ತು.

ನಮ್ಮವರು ಏಳಲಿಲ್ಲ. ಬಿದ್ದಲ್ಲಿಂದಲೇ ನನಗೆಂದರು: "ಹುಸೇನಸಾಬಗ ಹೇಳು, ಎತ್ತು ಬಿಚ್ಚಲಿ."

ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡಿದೆ.