ಹಿನ್ನೀರಿನ ಮೇಲೆ ಊರು ಬೆಳಗಿಸಿದ ಸುನಂದಕ್ಕ

ಸುನಂದಕ್ಕ ಯಾರ ಮನೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸ ಲೈಟ್ ಆರಿಸುವುದು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಸ್ವಿಚ್ ಎಲ್ಲಿದೆ ಎಂದು ಗೋಡೆ ನೋಡುತ್ತಿದ್ದರು. ಮನೆಯವರು ಗಾಬರಿಯಾದರೆ, "ತಡೀರಿ, ಕಣ್ಣಿಗೆ ತುಸು ಟೈಮ್ ಕೊಡ್ರಿ" ಎನ್ನುತ್ತಿದ್ದರು. ಹೊರಗೆ ಬಿಸಿಲು ಇರುವಾಗ ಒಳಗೆ ಟ್ಯೂಬ್‌ಲೈಟ್ ಉರಿಸಿಕೊಂಡು ಕೂರುವುದು ಅವರಿಗೆ ಸೇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಬಂದ ಬೆಳಕೇ ಸಾಕೆನಿಸತೊಡಗುತ್ತಿತ್ತು. ನಮ್ಮ ಮನೆಯಲ್ಲಾದರೆ ತಾಮ್ರದ ಕೊಡದ ಅಂಚು, ಹಗ್ಗಕ್ಕೆ ಹಾಕಿದ ಸೀರೆಯ ಸೆರಗು, ಮೂಲೆಯಲ್ಲಿ ಕುಳಿತ ನಮ್ಮವ್ವನ ಮೂಗುತಿ ಒಂದೊಂದಾಗಿ ಎದ್ದು ಬರುತ್ತಿದ್ದವು.

ನಾನು ಲೈಟು ಬಾಡಿಗೆಗೆ ಕೊಟ್ಟು ಬದುಕುವವನು. ಕುಳಗೇರಿ ಕ್ರಾಸಿನಲ್ಲಿ ನನ್ನದೊಂದು ಶಾಮಿಯಾನ ಮತ್ತು ಲೈಟಿಂಗ್ ಅಂಗಡಿ ಇದೆ. ಮದುವೆ, ಸೀಮಂತ, ಮನೆ ಶಾಂತಿ, ಯಾವುದೇ ಇರಲಿ, ಹಾದಿಯಲ್ಲಿ ಹೋಗುವವರ ಕಣ್ಣು ಕುಕ್ಕಬೇಕು ಎನ್ನುವುದೇ ಗಿರಾಕಿಗಳ ಬಯಕೆ. ಅಂಥ ಅಂಗಡಿಗೆ ಒಂದು ಮಧ್ಯಾಹ್ನ ಬಿಳಿಗೂದಲಿನ, ಇಳಕಲ್ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬರು ಬಂದು, ನನ್ನ ಫೋಕಸ್ ಲೈಟುಗಳನ್ನೆಲ್ಲ ತಿರುಗಿಸಿ ನೋಡಿ ಕೇಳಿದರು: "ನಿಮ್ಮಲ್ಲೆ ಎಲ್ಲಾಕಿಂತ ಮಂದ ಬೆಳಕು ಕೊಡೂದು ಯಾವ್ದೈತ್ರಿ?"

ಅಂಥದ್ದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಇಟ್ಟಿಲ್ಲ ಎಂದೆ. ಅವರು ನಕ್ಕು, ಹಾಗಾದರೆ ಇಬ್ಬರೂ ಸೇರಿ ಮಾಡೋಣ ಎಂದರು. ಆ ಮಾತನ್ನು ನಾನು ಹುಡುಗಾಟ ಎಂದುಕೊಂಡಿದ್ದೆ.

ಅವರು ಇಳಕಲ್ಲಿನ ನೇಕಾರರ ಮನೆಯ ಮಗಳು. ಚಿತ್ರಕಲೆ ಕಲಿತು, ದೊಡ್ಡ ಊರುಗಳಲ್ಲಿ ಬಹಳ ವರ್ಷ ಇದ್ದು, ಬಣ್ಣ ಬಿಟ್ಟು ಬೆಳಕು ಹಿಡಿದವರು. ಕಂಪ್ಯೂಟರಿನ ಕೆಲಸವನ್ನೂ ತಾವೇ ಕಲಿತಿದ್ದರು. ಇಳಕಲ್ ಹತ್ತಿರದ ಕೈಬಿಟ್ಟ ಕಲ್ಲು ಕ್ವಾರಿಯೊಂದರಲ್ಲಿ, ಕೊರೆದು ಉಳಿದ ಕೆಂಪು ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಗಾಳಿಗೆ ಬಾಗುವ ಹುಲ್ಲನ್ನು ಬೆಳೆಸಿದ್ದರಂತೆ. ನೋಡಲು ಬಂದವರ ಮೈಶಾಖವನ್ನು ಯಂತ್ರವೊಂದು ಹಿಡಿದು, ಅವರು ಹತ್ತಿರ ಬಂದಂತೆ ಹುಲ್ಲು ಆ ಕಡೆ ಸರಿಯುತ್ತಿತ್ತಂತೆ. ಅದನ್ನು ನಾನು ನೋಡಿಲ್ಲ. ಕೇಳಿದಾಗ ಇದರಿಂದ ಏನು ಉಪಯೋಗ ಎಂದು ಮನಸ್ಸಿನಲ್ಲಿ ಬಂದದ್ದು ನಿಜ.

ಉಪಯೋಗದ ಪ್ರಶ್ನೆಯನ್ನು ನಾನು ಮರೆತದ್ದು ಬಾದಾಮಿಯಲ್ಲಿ. ಅಲ್ಲಿ ಹೊಂಡದ ಸಮೀಪ, ಕೆಂಪು ಬಂಡೆಯ ಬುಡದಲ್ಲಿ ಅವರೊಂದು ಹಳೆಯ ಮನೆ ಹಿಡಿದಿದ್ದರು. ವೈರು ತೆಗೆದುಕೊಂಡು ಹೋದ ನನ್ನನ್ನು ಒಂದು ಕೋಣೆಗೆ ಕರೆದು ಬಾಗಿಲು ಹಾಕಿದರು. ಕಿಟಕಿಗೆ ಕರಿ ರಟ್ಟು ಬಡಿದು, ನಡುವೆ ಬಟಾಣಿ ಕಾಳಿನಷ್ಟು ತೂತು ಬಿಟ್ಟಿದ್ದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಎದುರಿನ ಸುಣ್ಣದ ಗೋಡೆಯ ಮೇಲೆ ಹೊರಗಿನ ಬಂಡೆ ತಲೆಕೆಳಗಾಗಿ ಮೂಡಿತು. ಬಂಡೆಯ ಕೆಂಪು, ಕೆಳಗೆ ಆಕಾಶದ ನೀಲಿ, ಬಂಡೆಯ ಅಂಚಿನಲ್ಲಿ ತಲೆ ಕೆಳಗೆ ಮಾಡಿಕೊಂಡು ಓಡುವ ಮಂಗಗಳು. ಸಣ್ಣವನಿದ್ದಾಗಿನಿಂದ ನೋಡಿದ ಬಂಡೆ ಅದು. ಬಾದಾಮಿಗೆ ಬಂದವರೆಲ್ಲ ಬಾಯಿ ತೆರೆದು ನಿಂತು ನೋಡುವಾಗ ಇವರು ಏನು ನೋಡುತ್ತಾರೆ ಎಂದುಕೊಳ್ಳುತ್ತಿದ್ದ ನಾನು ಆ ದಿನ ಕೋಣೆಯಿಂದ ಹೊರಗೆ ಬರಲು ಒಪ್ಪಲಿಲ್ಲ. ಮೋಡ ಬಂದಾಗ ಗೋಡೆ ಕಪ್ಪಾಗಿ, ಮೋಡ ಸರಿದಾಗ ಬಂಡೆ ಮತ್ತೆ ಉರಿದಂತೆ ಕೆಂಪಾಗುತ್ತಿತ್ತು. ನನ್ನ ವೈರಿನ ಸುರುಳಿ ಬಾಗಿಲಲ್ಲೇ ಬಿದ್ದಿತ್ತು.

ಅಲ್ಲಿಂದ ಮುಂದೆ ನಾನು ಅವರ ಕೆಲಸಕ್ಕೆ ಖಾಯಂ ಆದೆ. ನನ್ನ ವ್ಯಾಪಾರವೂ ತುಸು ಕೆಟ್ಟಿತು ಎನ್ನಬೇಕು. ಹುನಗುಂದದ ಒಂದು ಮದುವೆ ಮನೆಯಲ್ಲಿ ಬಣ್ಣದ ಲೈಟುಗಳನ್ನು ಕಡಿಮೆ ಮಾಡಿ, ಅಂಗಳದ ಬೇವಿನ ಮರದ ಬುಡಕ್ಕೆ ಒಂದೇ ಹಳದಿ ಬೆಳಕು ಬಿಟ್ಟೆ. ಹಿರಿಯರೆಲ್ಲ ಹಂದರ ಬಿಟ್ಟು ಮರದ ಕೆಳಗೆ ಬಂದು ಎಲೆ ಅಡಿಕೆ ಹಾಕುತ್ತ ಕುಳಿತರು. ವಿಡಿಯೋದವನು ಮಾತ್ರ ಮದುಮಗಳ ಮಾವನ ಹತ್ತಿರ ಹೋಗಿ ನನ್ನ ಮೇಲೆ ದೂರು ಹೇಳಿದ. ಸುನಂದಕ್ಕನಿಗೆ ಇದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರ ದೊಡ್ಡ ಕೆಲಸ ನಮ್ಮ ಊರಿನದು. ಕಲಾದಗಿಯಿಂದ ಅಷ್ಟು ದೂರವಿಲ್ಲದ, ಘಟಪ್ರಭೆಯ ದಂಡೆಯ ನಮ್ಮ ಊರು ನಾನು ಸಣ್ಣವನಿದ್ದಾಗ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಊರಿನ ಬಹಳ ಮಂದಿ ಪುನರ್ವಸತಿ ಊರಿಗೆ ಹೋದರು. ಅಪ್ಪ ನಮ್ಮನ್ನು ಕುಳಗೇರಿ ಕ್ರಾಸಿಗೆ ತಂದ. ಅಪ್ಪ ತೀರಿಕೊಂಡ ಮೇಲೂ ಅವ್ವ ಆ ಊರಿನ ಹೆಸರು ಎತ್ತುತ್ತಿರಲಿಲ್ಲ. ಬೀಳಗಿ ಕಡೆ ಹೋಗುವಾಗ ಬಸ್ಸು ಸೇತುವೆ ಹತ್ತಿದರೆ ಸೆರಗು ಮುಖಕ್ಕೆಳೆದುಕೊಂಡು ನಿದ್ದೆ ಬಂದವಳಂತೆ ಕೂರುತ್ತಿದ್ದಳು. ನಾವು ಕೇಳಿದರೆ, ನೀರಾಗ ಹೋದದ್ದರ ಮಾತು ಯಾಕೆ ಎಂದು ಎದ್ದು ಹೋಗುತ್ತಿದ್ದಳು.

ಸುನಂದಕ್ಕನ ವಿಚಾರ ಹೀಗಿತ್ತು. ನೀರು ತುಂಬಿದ ಕಾಲದಲ್ಲಿ, ಊರು ಇದ್ದ ಜಾಗದ ಮೇಲೆ ತೇಲುವ ದೀಪಗಳನ್ನು ಕಲ್ಲು ಕಟ್ಟಿ ನಿಲ್ಲಿಸಬೇಕು. ಒಂದೊಂದು ಮನೆ, ಬಾವಿ, ಗುಡಿ, ಮಸೀದಿ, ಮರಕ್ಕೆ ಒಂದೊಂದು ದೀಪ. ದಂಡೆಯ ಮೇಲೆ ಮೈಕು. ಊರಿನವರು ಊರಿನ ಮಾತು ಆಡಿದರೆ ಧ್ವನಿ ಹಿಡಿದು ಒಂದು ದೀಪ ಹತ್ತಬೇಕು. ಮಾತು ಬೆಳೆದಷ್ಟೂ ಒಂದರಿಂದೊಂದಕ್ಕೆ ಹಬ್ಬಬೇಕು. ಮಾತು ನಿಂತರೆ ಮೆಲ್ಲಗೆ ಆರಬೇಕು. ಕಡೆಗೂ ನಾವಿಬ್ಬರೂ ಸೇರಿ ಆ ಮಂದ ಬೆಳಕಿನ ದೀಪಗಳನ್ನು ಮಾಡಿದೆವು. ತಂಬಿಗೆಯಷ್ಟು ದೊಡ್ಡ ಬಿಳಿ ಗುಂಡುಗಳು. ಒಳಗೆ ಬ್ಯಾಟರಿ, ಸಣ್ಣ ಬಲ್ಬು, ದಂಡೆಯ ಕಂಪ್ಯೂಟರಿನ ಮಾತು ಕೇಳುವ ಒಂದು ಚೂರು ಯಂತ್ರ. ಹಳೆಯ ಸರ್ವೆ ನಕ್ಷೆ ನೋಡಿ, ಮೀನುಗಾರರ ತೆಪ್ಪದಲ್ಲಿ ಹೋಗಿ, ಮೊಬೈಲಿನಲ್ಲಿ ಜಾಗ ಗುರುತಿಸಿ ಅವನ್ನು ಬಿಟ್ಟೆವು. ನಕ್ಷೆಯಲ್ಲಿ ಮನೆಗಳಿದ್ದವು, ಮರಗಳಿರಲಿಲ್ಲ. ಮರಗಳಿಗಾಗಿ ಸುನಂದಕ್ಕ ಊರಿನ ಹಿರಿಯರನ್ನು ಕೇಳುತ್ತ ಅಲೆದರು.

ಹಾಗೇ ನಮ್ಮ ಮನೆಗೂ ಬರುತ್ತಿದ್ದರು. ಬಂದು ಲೈಟ್ ಆರಿಸಿ, ಅವ್ವನ ಪಕ್ಕ ಕುಳಿತು ಶೇಂಗಾ ಸುಲಿಯುತ್ತಿದ್ದರು. ಊರಿನ ಬಗ್ಗೆ ಒಂದು ಸಲವೂ ಕೇಳಲಿಲ್ಲ. ತಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತ ಅಪ್ಪನ ಬಗ್ಗೆ, ತಾವು ಮದುವೆಯಾಗದೆ ಉಳಿದದ್ದಕ್ಕೆ ಓಣಿಯವರು ಆಡಿದ ಮಾತಿನ ಬಗ್ಗೆ ಹೇಳುತ್ತಿದ್ದರು. ಅವ್ವ ಹೂಂಗುಟ್ಟುತ್ತಿದ್ದಳು, ಅಷ್ಟೆ. ಹೋಗುವಾಗ ಮಾತ್ರ, ಊಟ ಮಾಡದೆ ಹೋಗಬೇಡ ಎಂದು ಎರಡು ರೊಟ್ಟಿ ಬಡಿದು ಹಾಕುತ್ತಿದ್ದಳು.

ಮೊದಲ ದಿನ ಸಂಜೆ ದಂಡೆಯ ಮೇಲೆ ಜನವೋ ಜನ. ಸೂರ್ಯ ಮುಳುಗಿ, ನೀರು ಇನ್ನೂ ಬೆಳ್ಳಗಿರುವ ಹೊತ್ತು. ಊರಿನ ಮುಖಂಡರೊಬ್ಬರು ಮೈಕು ಹಿಡಿದು ಹಲೋ ಹಲೋ ಎಂದರು. ದೂರದಲ್ಲಿ ಒಂದೇ ಒಂದು ದೀಪ ಮಿಣುಕಿ ಆರಿತು. ಎಲ್ಲರೂ ನಕ್ಕರು. ಅವರು ನಾಚಿ ಮೈಕು ಕೆಳಗಿಟ್ಟರು. ಆಮೇಲೆ ಯಾರೂ ಮುಂದೆ ಬರಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ದೂಡಿದರು. ಮುದುಕರು ಬೀಡಿ ಹಚ್ಚಿಕೊಂಡು ದೂರ ಸರಿದರು. ಕತ್ತಲಾಯಿತು. ಇಷ್ಟಕ್ಕೆ ಯಾಕೆ ಕರೆದರೋ ಎಂದು ಗೊಣಗುತ್ತ ಟ್ರ್ಯಾಕ್ಟರ್ ಹತ್ತಿ ಹೋದರು.

ವರ್ಷವಿಡೀ ಮಾಡಿದ ಕೆಲಸ. ನಾಳೆ ಯಾರದೋ ಧ್ವನಿ ರೆಕಾರ್ಡ್ ಮಾಡಿ ಹಾಕಿಬಿಡೋಣ, ದೀಪ ಹತ್ತಿದರೆ ಜನಕ್ಕೆ ಸಾಕು ಎಂದೆ. ಸುನಂದಕ್ಕ ನೀರಿನ ಕಡೆಯೇ ನೋಡುತ್ತಿದ್ದರು.

"ಬ್ಯಾಡ ಈರಣ್ಣ. ಅವರ ಊರು ಅವರ ಬಾಯಾಗಿಂದನ ಬರಬೇಕು. ಬರಲಿಲ್ಲಂದ್ರ ಬರಲಿಲ್ಲ, ದೀಪಾ ತಗದು ಮನಿಗೆ ಹೋಗೂನು."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕಂಪ್ಯೂಟರ್ ಮುಚ್ಚಿ ಮೈಕಿನ ವೈರು ಸುತ್ತತೊಡಗಿದರು.

ಮನೆಗೆ ಬಂದು ಆದದ್ದನ್ನು ಹೇಳಿದೆ. ಅವ್ವ ತಟ್ಟೆಗೆ ಪಲ್ಯ ಹಾಕುತ್ತ, ಸುನಂದವ್ವ ಊಟ ಮಾಡಿದಳೇ ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದೆ. ಮರುದಿನ ಮಧ್ಯಾಹ್ನ ನೋಡಿದರೆ ರೊಟ್ಟಿ ಗಂಟು ಕಟ್ಟಿಕೊಂಡು ನನ್ನ ಗಾಡಿಯಲ್ಲಿ ಕುಳಿತಿದ್ದಳು. "ಆಕಿ ಉಪವಾಸ ಕುಂತಿರ್ತಾಳ. ರೊಟ್ಟಿ ಕೊಟ್ಟು ಬರ್ತೇನಿ" ಎಂದಳು.

ಆ ಸಂಜೆ ಜನ ಬಹಳ ಕಡಿಮೆ. ಪುನರ್ವಸತಿ ಊರಿನಿಂದ ಬಂದ ನಾಲ್ಕಾರು ಮುದುಕಿಯರಲ್ಲಿ ಹುಸೇನಬಿಯೂ ಇದ್ದಳು. ಮುಳುಗಿದ ಊರಿನಲ್ಲಿ ಅವಳ ಮನೆ, ನಮ್ಮ ಮನೆ ಗೋಡೆಗೆ ಗೋಡೆ. ಇಬ್ಬರೂ ಭೇಟಿಯಾಗಿ ಎಷ್ಟು ವರ್ಷವಾಗಿತ್ತೋ. ಕೈ ಕೈ ಹಿಡಿದು ಮೈಕಿನ ಹತ್ತಿರದ ಕಲ್ಲಿನ ಮೇಲೆ ಕುಳಿತರು. ಮೈಕು ಚಾಲೂ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲು ಹೋದೆ, ಸುನಂದಕ್ಕ ಕಣ್ಣಿನಲ್ಲೇ ತಡೆದರು.

ಹುಸೇನಬಿ ನೀರಿನ ಕಡೆ ಕೈ ತೋರಿಸಿ, "ಗಂಗವ್ವ, ನಮ್ಮ ಹುಣಸಿ ಗಿಡ ಅಲ್ಲೆ ಇತ್ತು ನೋಡು, ಮಸೀದಿ ಮಗ್ಗಲಕ" ಎಂದಳು. ಒಂದು ದೀಪ ಹತ್ತಿತು.

ದೀಪ ಇನ್ನೇನು ಆರಬೇಕು, ಆಗ ಅವ್ವ ಬಾಯಿ ಬಿಟ್ಟಳು. "ಮಸೀದಿ ಮಗ್ಗಲಕ ಎಲ್ಲಿತ್ತು? ಬಾವಿ ಮ್ಯಾಲ ಇತ್ತು. ಅದರ ಹಣ್ಣು ಬಾವ್ಯಾಗ ಬೀಳ್ತಿದ್ದುವು."

"ನಿನಗ ನೆನಪಿಲ್ಲ."

"ನನಗ ನೆನಪಿಲ್ಲ? ನನ್ನ ಮಗನ್ನ ತೊಟ್ಟಲಾ ಕಟ್ಟಿದ್ದು ಅದ ಟೊಂಗಿಗೆ."

ಮುಂದಿನದನ್ನು ಹೇಗೆ ಹೇಳಲಿ. ಇಬ್ಬರೂ ಪಟ್ಟು ಬಿಡಲಿಲ್ಲ. ಆ ಗಿಡದ ಹುಣಸೆ ಯಾರ ಪಾಲಿನದು, ಯಾರ ಮೇಕೆ ಯಾರ ಹಿತ್ತಲು ಮೇಯ್ದಿತ್ತು, ಹಬ್ಬಕ್ಕೆ ಯಾರು ಯಾರಿಗೆ ಏನು ಕಳಿಸುತ್ತಿದ್ದರು ಎಲ್ಲ ಹೊರಗೆ ಬಂತು. ಉಳಿದ ಮುದುಕಿಯರು ತೀರ್ಪು ಹೇಳಲು ನಡುವೆ ಬಾಯಿ ಹಾಕಿದರು. ದೂರ ನಿಂತ ಮುದುಕರು, ಇವರಿಗೆ ಏನೂ ತಿಳಿಯದು, ಗಿಡ ಇದ್ದದ್ದು ಊರ ಅಗಸಿ ಬಾಗಿಲ ಹೊರಗೆ ಎಂದು ಹತ್ತಿರ ಬಂದರು. ಜಗಳ ಏರಿದ ಹಾಗೆ ನೀರಿನ ಮೇಲೆ ಓಣಿ ಓಣಿಯಾಗಿ ಬೆಳಕು ಹಬ್ಬಿತು. ಅಗಸಿಯಿಂದ ಗುಡಿಗೆ, ಗುಡಿಯಿಂದ ಮಸೀದಿಗೆ, ಹೊಳೆಗಿಳಿಯುವ ಹಾದಿಯ ತನಕ ಇಡೀ ಊರು ಹತ್ತಿಕೊಂಡಿತು. ಸಣ್ಣ ಅಲೆಗೆ ಮನೆಗಳೆಲ್ಲ ಉಸಿರಾಡಿದಂತೆ ಏಳುತ್ತಿದ್ದವು, ಇಳಿಯುತ್ತಿದ್ದವು. ಜಗಳಾಡುತ್ತಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. ಹುಸೇನಬಿ ಒಮ್ಮೆ ತಿರುಗಿ ನೋಡಿ ಮಾತು ನಿಲ್ಲಿಸಿದಳು. ಎಲ್ಲರೂ ನೋಡಿದರು. ಸದ್ದು ಅಡಗಿದಂತೆ ದೀಪಗಳು ಮಂದವಾಗತೊಡಗಿದವು.

ಆಗ ಅವ್ವ ಗಾಬರಿಯಾಗಿ, "ಸುಮ್ಮನಾಗಬ್ಯಾಡ್ರೆ, ಮಾತಾಡ್ರಿ" ಎಂದಳು. ಮಾತಾಡುತ್ತ ಮಾತಾಡುತ್ತ ಅಳುತ್ತಿದ್ದಳು. ಅಪ್ಪನ ಹೆಸರು ಹೇಳಿದಳು. ನಾನು ಅವಳ ಬಾಯಿಂದ ಅಪ್ಪನ ಹೆಸರು ಕೇಳಿದ್ದು ಅದೇ ಮೊದಲು.

ಸುನಂದಕ್ಕ ಕಂಪ್ಯೂಟರಿನ ಹಿಂದೆ ಕುಳಿತು ಅವ್ವ ತಂದ ರೊಟ್ಟಿ ತಿನ್ನುತ್ತಿದ್ದರು. ಅವರ ಕೆನ್ನೆಯೂ ಒದ್ದೆಯಾಗಿತ್ತು. ಮರುದಿನ ತೆಪ್ಪದಲ್ಲಿ ಹೋಗಿ ಆ ಹುಣಸೆ ಗಿಡಕ್ಕೆ ಎರಡು ದೀಪ ಇಟ್ಟು ಬಂದರು. ಒಂದು ಮಸೀದಿ ಮಗ್ಗುಲಿಗೆ, ಒಂದು ಬಾವಿ ಮೇಲೆ. ಒಂದೇ ಮರಕ್ಕೆ ಎರಡು ಜಾಗವೇ ಎಂದು ಕೇಳಿದೆ. "ಇಬ್ಬರೂ ಖರೇನ ಹೇಳ್ಯಾರ" ಎಂದರು. ಸುದ್ದಿ ಹಬ್ಬಿ ಮುಂದಿನ ಸಂಜೆಗಳಲ್ಲಿ ಮೈಕಿಗೆ ಪಾಳಿ ಹಚ್ಚಬೇಕಾಯಿತು. ಅವ್ವ ಒಂದು ಸಂಜೆಯೂ ತಪ್ಪಿಸಲಿಲ್ಲ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಸುನಂದಕ್ಕನಿಗೆ ಜಡ್ಡು ಎಂದು ತಿಳಿಯಿತು. ಬಾದಾಮಿಯ ಮನೆ ಬಿಟ್ಟು ಇಳಕಲ್ಲಿನಲ್ಲಿ ತಮ್ಮನ ಮನೆ ಸೇರಿದ್ದರು. ಅವ್ವನನ್ನು ಕರೆದುಕೊಂಡು ಹೋದೆ. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಅವ್ವ ಗಾಬರಿ ತೋರಿಸದೆ ಹಾಸಿಗೆಯ ಅಂಚಿಗೆ ಕುಳಿತು, ಮೆತ್ತಗೆ ಮಾಡಿ ತಂದ ಗೋಧಿ ಹುಗ್ಗಿಯನ್ನು ಚಮಚದಲ್ಲಿ ಕುಡಿಸಿದಳು. ನಾನು ಅವರ ತಮ್ಮನ ಜೊತೆ ಹೊರಗೆ ಮಗ್ಗದ ಹತ್ತಿರ ಕುಳಿತೆ. ಒಳಗೆ ಇಬ್ಬರೂ ಇಳಿಹೊತ್ತಿನ ತನಕ ಮಾತಾಡುತ್ತಲೇ ಇದ್ದರು. ನಡುನಡುವೆ ಸುನಂದಕ್ಕನ ನಗು ಕೇಳುತ್ತಿತ್ತು.

ಹೊರಡುವಾಗ ಒಳಗೆ ಹೋದೆ. ಏನಾದರೂ ಹೇಳಬೇಕಿತ್ತು. ನೀವು ಬಂದು ನಮ್ಮ ಅವ್ವನನ್ನು ನಮಗೆ ಕೊಟ್ಟಿರಿ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವರೇ ನನ್ನ ಕೈ ಹಿಡಿದು, "ಅವ್ವಾರ್ನ ಮತ್ತ ಕರಕೊಂಡು ಬಾ. ಅವರು ಮದಿವ್ಯಾಗಿ ಊರಿಗೆ ಬಂದದ್ದು ಹೇಳಾಕತ್ತಿದ್ರು, ಅರ್ಧಾಕ್ಕ ನಿಂತೈತಿ" ಎಂದರು.

ದೀಪಾವಳಿ ಮುಗಿಸಿ ಹೋಗೋಣ ಎಂದುಕೊಂಡಿದ್ದೆವು. ಅದಕ್ಕೂ ಮೊದಲೇ ಅವರ ತಮ್ಮನ ಫೋನ್ ಬಂತು.

ಸುನಂದಕ್ಕನ ಮಣ್ಣಿಗೆ ಹೋಗಿ ಬಂದ ಮರುದಿನ ಅವ್ವ ಅಂಗಡಿಗೆ ಬಂದಳು. ಅವಳು ಅಂಗಡಿಗೆ ಬರುವವಳಲ್ಲ. ಗಿರಾಕಿ ಹೋಗುವ ತನಕ ಸುಮ್ಮನೆ ನಿಂತಿದ್ದು, ಕುರ್ಚಿ ಎಳೆದುಕೊಂಡು ಕುಳಿತಳು.

"ಕುಂಡ್ರೋ ಈರಣ್ಣ. ಆಕೀಗೆ ಹೇಳೂದು ಉಳೀತು, ನಿನಗ ಹೇಳ್ತೇನಿ" ಎಂದಳು. "ನಾ ಮದಿವ್ಯಾಗಿ ಬಂದ ದಿನ ಹೊಳಿ ತುಂಬಿತ್ತು. ನಿಮ್ಮಪ್ಪ ನನ್ನ ತೆಪ್ಪದಾಗ ಕುಂಡ್ರಿಸಿಕೊಂಡು ಬಂದ."

ನಾನು ಫೋನು ಬಂದ್ ಮಾಡಿ ಅವಳೆದುರು ಕುಳಿತೆ.